ಅರ್ಮೇನಿಯನ್ನರಿಗೆ ಸ್ವಂತ ಸಂಗೀತ ಇದೆಯೇ? ಕೊಮಿತಾಸ್ ಬೆನ್ನುಹತ್ತಿದ ಪ್ರಶ್ನೆ

1913ರಲ್ಲಿ ಇಸ್ತಾಂಬುಲಿನ ಅರ್ಮೇನಿಯನ್ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬಂತು. ‘ಅರ್ಮೇನಿಯನ್ನರಿಗೆ ಸ್ವತಂತ್ರ ಸಂಗೀತವಿದೆ’ ಎಂಬುದೇ ಅದರ ತಲೆಬರಹ. ಬರೆದವನು ಕೊಮಿತಾಸ್ ವರ್ದಪೆತ್ ಎಂಬ ಸನ್ಯಾಸಿ ಪಾದ್ರಿ. ಅಷ್ಟು ಹೊತ್ತಿಗೆ ಆತ ನಲವತ್ತು ದಾಟಿದ್ದ; ಬರ್ಲಿನ್, ಪ್ಯಾರಿಸ್, ಜಿನೀವಾ, ಕೈರೋಗಳಲ್ಲಿ ಅರ್ಮೇನಿಯನ್ ಹಾಡುಗಳನ್ನು ಕೇಳಿಸಿ, ಉಪನ್ಯಾಸ ಕೊಟ್ಟು, ಭೇಷ್ ಎನ್ನಿಸಿಕೊಂಡು ಬಂದಿದ್ದ. ಇಷ್ಟೆಲ್ಲ ಆದಮೇಲೂ ಇಂಥದೊಂದು ಮಾತನ್ನು ತಲೆಬರಹದಲ್ಲೇ ಸಾರಬೇಕಾಯಿತು, ಅದೂ ತನ್ನವರೇ ಓದುವ ಪತ್ರಿಕೆಯಲ್ಲಿ. ‘ನಮ್ಮದು ಎನ್ನುವ ಸಂಗೀತ ನಿಜಕ್ಕೂ ಇದೆಯೇ’ ಎಂಬ ಅನುಮಾನ ಹೊರಗಿನವರಿಗಿಂತ ಒಳಗಿನವರಲ್ಲೇ ಗಟ್ಟಿಯಾಗಿ ಕೂತಿತ್ತು.

ಹೊರಜಗತ್ತಿಗೆ ಅರ್ಮೇನಿಯನ್ ಸಂಗೀತ ಎಂದರೆ ಆರಾಮ್ ಖಚತುರಿಯಾನ್. 1942ರ ‘ಗಯಾನೆ’ ಬ್ಯಾಲೆಯ ‘ಸೇಬರ್ ಡ್ಯಾನ್ಸ್’ ತುಣುಕನ್ನು ಸರ್ಕಸ್ಸಿನಲ್ಲೋ ಟಿವಿಯಲ್ಲೋ ಕೇಳದವರು ಕಡಿಮೆ. ಅದು ಯಾರದ್ದೆಂದು ಗೊತ್ತಿರುವವರು ಇನ್ನೂ ಕಡಿಮೆ. ಅರ್ಮೇನಿಯನ್ನರನ್ನೇ ಕೇಳಿ ನೋಡಿ, ಮಾತು ಕೊಮಿತಾಸನಿಂದ ಶುರುವಾಗುತ್ತದೆ. ಅರ್ಮೇನಿಯಾದ ರಾಜಧಾನಿ ಯೆರೆವಾನ್ ನಗರದ ಸಂಗೀತ ಕಾಲೇಜಿಗೆ ಅವನ ಹೆಸರು, ಗಣ್ಯರ ಸಮಾಧಿ ಸ್ಥಳಕ್ಕೆ ಅವನ ಹೆಸರು, ಒಂದು ದೊಡ್ಡ ರಸ್ತೆಗೂ ಅವನದೇ ಹೆಸರು. 1915ರ ನರಮೇಧದಲ್ಲಿ ಬದುಕುಳಿದು, ಬುದ್ಧಿಸ್ಥಿಮಿತ ಕಳೆದುಕೊಂಡು, ಕೊನೆಯ ಎರಡು ದಶಕ ಮೌನವಾಗಿ ಕಳೆದ ಸಂತ ಎಂಬ ಚಿತ್ರ ಮನೆಮನೆಯಲ್ಲೂ ಇದೆ. ನನಗೆ ಈ ಚಿತ್ರದ ಬಗ್ಗೆ ಸ್ವಲ್ಪ ತಕರಾರಿದೆ. ಅದು ಸುಳ್ಳೆಂದಲ್ಲ. ದುರಂತದ ನೆರಳು ಎಷ್ಟು ದಟ್ಟವಾಗಿ ಬಿದ್ದಿದೆಯೆಂದರೆ, ಪೆನ್ಸಿಲ್ ಹಿಡಿದು ಹಳ್ಳಿಹಳ್ಳಿ ತಿರುಗಿದ ಹಟಮಾರಿ ಸಂಶೋಧಕ ಅದರಡಿ ಮರೆಯಾಗಿಹೋಗಿದ್ದಾನೆ. ಅವನ ಹಾಡುಗಳಲ್ಲಿ ಗೋಳಿಗಿಂತ ಕುಣಿತ, ಉಳುಮೆ, ಮದುವೆಮನೆಯ ಗೇಲಿಯೇ ಹೆಚ್ಚು ಎಂಬುದೂ ಮರೆತುಹೋಗಿದೆ.

ಅನುಮಾನ ಹುಟ್ಟಿದ ಬಗೆ

19ನೇ ಶತಮಾನದಲ್ಲಿ ಅರ್ಮೇನಿಯನ್ನರಿಗೆ ದೇಶವಿರಲಿಲ್ಲ. ಅವರ ಮೂಲನೆಲದ ಪಶ್ಚಿಮ ಭಾಗ ಆಟೊಮನ್ ಸುಲ್ತಾನರ ಕೈಯಲ್ಲಿತ್ತು. ಪೂರ್ವ ಭಾಗ 1828ರಲ್ಲಿ ಪರ್ಷಿಯಾದಿಂದ ರಷ್ಯಾಕ್ಕೆ ಹಸ್ತಾಂತರವಾಗಿತ್ತು. ವ್ಯಾಪಾರಿಗಳು ತಿಫ್ಲಿಸ್ (ಇಂದಿನ ತ್ಬಿಲಿಸಿ), ಇಸ್ತಾಂಬುಲ್, ವೆನಿಸ್, ಕಲ್ಕತ್ತದವರೆಗೆ ಚದುರಿದ್ದರು. ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು ನಮ್ಮ ಮದ್ರಾಸಿನಲ್ಲಿ, 1794ರಲ್ಲಿ. ಹೀಗೆ ಹರಡಿಹೋದ ಜನ ಎಲ್ಲಿ ನೆಲೆಸಿದರೋ ಅಲ್ಲಿನ ಭಾಷೆ ಕಲಿತರು, ಅಲ್ಲಿನ ಧಾಟಿಯಲ್ಲಿ ಹಾಡಿದರು. 18ನೇ ಶತಮಾನದ ಪ್ರಸಿದ್ಧ ಹಾಡುಗಾರ ಸಯಾತ್ ನೋವಾ ಅರ್ಮೇನಿಯನ್, ಜಾರ್ಜಿಯನ್, ಅಜೆರಿ ತುರ್ಕಿ ಮೂರರಲ್ಲೂ ಪದ ಕಟ್ಟಿದವನು. ಇಸ್ತಾಂಬುಲಿನಲ್ಲಂತೂ ಆಟೊಮನ್ ಶಾಸ್ತ್ರೀಯ ಸಂಗೀತದ ದೊಡ್ಡ ಹೆಸರುಗಳಲ್ಲಿ ಅರ್ಮೇನಿಯನ್ನರೂ ಇದ್ದರು. ಹಾಗಿರುವಾಗ ಇದರಲ್ಲಿ ತುರ್ಕರದ್ದು ಯಾವುದು, ಪರ್ಷಿಯನ್ನರದ್ದು ಯಾವುದು, ನಿಮ್ಮದು ಯಾವುದು ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟವಿತ್ತು.

ಚರ್ಚಿನ ಸಂಗೀತವಾದರೂ ತಮ್ಮದೇ ಎನ್ನೋಣವೆಂದರೆ ಅಲ್ಲೂ ಒಂದು ತೊಡಕು. ಮಧ್ಯಯುಗದ ಅರ್ಮೇನಿಯನ್ ಹಸ್ತಪ್ರತಿಗಳಲ್ಲಿ ಸ್ತೋತ್ರಗಳ ಅಕ್ಷರಗಳ ಮೇಲೆ ಸಣ್ಣ ಸಣ್ಣ ಗುರುತುಗಳಿವೆ. ಅವಕ್ಕೆ ಖಾಜ್ ಎಂದು ಹೆಸರು. ಸ್ವರ ಎಲ್ಲಿ ಏರಬೇಕು, ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂದು ಹಾಡುವವನಿಗೆ ಸೂಚಿಸುವ ಲಿಪಿ ಅದು. ಗುರುವಿನಿಂದ ಶಿಷ್ಯನಿಗೆ ಬಾಯಿಪಾಠವಾಗಿ ಬರುತ್ತಿದ್ದ ಈ ವಿದ್ಯೆಯ ಕೊಂಡಿ ನಡುವೆ ಎಲ್ಲೋ ಕಳಚಿ, 18ನೇ ಶತಮಾನದ ಹೊತ್ತಿಗೆ ಆ ಗುರುತುಗಳನ್ನು ಓದಬಲ್ಲವರೇ ಉಳಿದಿರಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಇಸ್ತಾಂಬುಲಿನ ಹಂಬರ್ದ್ಸೂಮ್ ಲಿಮೊಂಜಿಯಾನ್ ಹಳೆಯ ಗುರುತುಗಳ ಆಕಾರವನ್ನೇ ಇಟ್ಟುಕೊಂಡು, ಹೊಸ ಅರ್ಥ ಕೊಟ್ಟು, ಸುಲಭವಾಗಿ ಬರೆದುಕೊಳ್ಳಬಹುದಾದ ಸ್ವರಲಿಪಿಯೊಂದನ್ನು ರೂಪಿಸಿದ. 1870ರ ದಶಕದಲ್ಲಿ ಧರ್ಮಗುರು ನಾಲ್ಕನೇ ಗೆವೋರ್ಗ್, ಚರ್ಚಿನಲ್ಲಿ ರೂಢಿಯಲ್ಲಿದ್ದ ಹಾಡುಗಳನ್ನೆಲ್ಲ ಈ ಲಿಪಿಯಲ್ಲಿ ಬರೆಸಲು ನಿಕೊಘಾಯೋಸ್ ತಶ್ಚಿಯಾನನನ್ನು ಅರ್ಮೇನಿಯನ್ ಚರ್ಚಿನ ಮುಖ್ಯ ಪೀಠವಾದ ಎಚ್ಮಿಯಾಡ್ಜಿನ್‌ಗೆ ಕರೆಸಿದ. ಮುಂದೆ ಕೊಮಿತಾಸ್ ಹೊಲದ ಬದುವಿನಲ್ಲಿ ನಿಂತು ಹಾಡುಗಳನ್ನು ಗೀಚಿಕೊಂಡದ್ದೂ ಇದೇ ಲಿಪಿಯಲ್ಲಿ.

ಓದುಬರಹ ಬಲ್ಲ ನಗರದ ಅರ್ಮೇನಿಯನ್ನರು ಇನ್ನೊಂದು ದಾರಿ ಹಿಡಿದಿದ್ದರು. ಹಾಡಿಗೆ ಯುರೋಪಿನ ನಾಲ್ಕು ಧ್ವನಿಯ ಹಾರ್ಮೊನಿ, ಅಂದರೆ ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಹೊಂದಿಸುವ ಪದ್ಧತಿ, ತೊಡಿಸಿದರೆ ಅದು ಸುಸಂಸ್ಕೃತವಾಯಿತು ಎಂಬುದು ಅವರ ಎಣಿಕೆ. ಕ್ರಿಸ್ತಪೋರ್ ಕಾರಾ ಮುರ್ಜಾ ಊರೂರಿನಲ್ಲಿ ಗಾಯಕವೃಂದ ಕಟ್ಟಿ ಇದನ್ನು ಪ್ರಚಾರ ಮಾಡಿದ. ಮಕಾರ್ ಯೆಕ್ಮಾಲಿಯಾನ್ ಬಹುಧ್ವನಿಯಲ್ಲಿ ಜೋಡಿಸಿದ ಪೂಜಾವಿಧಿಯ ಸಂಗೀತ 1896ರಲ್ಲಿ ಲೈಪ್ಸಿಗ್‌ನಲ್ಲಿ ಅಚ್ಚಾಯಿತು. ಇಬ್ಬರೂ ಸಮರ್ಥರೇ, ಕೊಮಿತಾಸನಿಗೆ ಹಿರಿಯರೇ. ಹಾಡು ನಮ್ಮದು, ಹೊದಿಕೆ ಜರ್ಮನರದ್ದು ಎನ್ನುವ ಈ ಏರ್ಪಾಟು ಹುಡುಗನ ಕಿವಿಗೆ ಒಗ್ಗಲಿಲ್ಲ ಅಷ್ಟೆ.

ತುರ್ಕಿ ಮಾತಾಡುತ್ತಿದ್ದ ಅನಾಥ

ಅವನ ಮೊದಲ ಹೆಸರು ಸೊಘೊಮೊನ್. ಹುಟ್ಟಿದ್ದು 1869ರಲ್ಲಿ, ಪಶ್ಚಿಮ ಅನತೋಲಿಯಾದ ಕುತಾಹ್ಯದಲ್ಲಿ. ಬಣ್ಣದ ಪಿಂಗಾಣಿಗೆ ಹೆಸರಾದ ಊರು. ಅಪ್ಪ ಗೆವೋರ್ಗ್ ಚಮ್ಮಾರಿಕೆ ಮಾಡುತ್ತಿದ್ದ, ಅಮ್ಮ ತಕುಹಿ ರತ್ನಗಂಬಳಿ ನೇಯುತ್ತಿದ್ದಳು. ಇಬ್ಬರಿಗೂ ಒಳ್ಳೆಯ ಕಂಠ, ಪದ ಕಟ್ಟುವ ಹವ್ಯಾಸ ಬೇರೆ. ಆ ಪದಗಳೆಲ್ಲ ತುರ್ಕಿ ಭಾಷೆಯಲ್ಲಿದ್ದವು, ಏಕೆಂದರೆ ಕುತಾಹ್ಯದ ಅರ್ಮೇನಿಯನ್ನರು ಮನೆಯಲ್ಲೂ ಬೀದಿಯಲ್ಲೂ ಆಡುತ್ತಿದ್ದುದು ತುರ್ಕಿಯನ್ನೇ. ಮಗುವಿಗೆ ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಹನ್ನೊಂದನೇ ವಯಸ್ಸಿಗೆ ತಂದೆಯೂ ಹೋದ. ಅಜ್ಜಿ ಸಾಕಿದಳು.

1881ರಲ್ಲಿ ಊರಿನ ಪಾದ್ರಿ ಬಿಷಪ್ ದೀಕ್ಷೆ ಪಡೆಯಲು ಎಚ್ಮಿಯಾಡ್ಜಿನ್‌ಗೆ ಹೊರಟ. ಬರುವಾಗ ಒಳ್ಳೆಯ ಕಂಠದ ಅನಾಥ ಹುಡುಗನೊಬ್ಬನನ್ನು ಅಲ್ಲಿನ ಗುರುಕುಲಕ್ಕೆ ಕರೆತರಬೇಕೆಂದು ಅವನಿಗೆ ಹೇಳಿಕಳುಹಿಸಿದ್ದರು. ಆಯ್ಕೆಯಾದವನು ಸೊಘೊಮೊನ್. ಧರ್ಮಗುರು ಗೆವೋರ್ಗ್ ಅರ್ಮೇನಿಯನ್ ಭಾಷೆಯಲ್ಲಿ ಮಾತಾಡಿಸಿದಾಗ ಹುಡುಗನಿಗೆ ಒಂದಕ್ಷರವೂ ತಿಳಿಯಲಿಲ್ಲ. ನನಗೆ ಆ ಭಾಷೆ ಬಾರದು, ಬೇಕಾದರೆ ಹಾಡುತ್ತೇನೆ ಎಂದು ತುರ್ಕಿಯಲ್ಲಿ ಹೇಳಿ, ಚರ್ಚಿನಲ್ಲಿ ಕೇಳಿ ಕಲಿತಿದ್ದ ಅರ್ಮೇನಿಯನ್ ಸ್ತೋತ್ರವೊಂದನ್ನು ಅರ್ಥ ಗೊತ್ತಿಲ್ಲದೆಯೇ ಹಾಡಿಬಿಟ್ಟ. ಧರ್ಮಗುರುವಿನ ಕಣ್ಣು ಒದ್ದೆಯಾಯಿತೆಂದು ಕತೆ. ಅರ್ಮೇನಿಯನ್ ಸಂಗೀತದ ಸ್ವಂತಿಕೆಗಾಗಿ ಮುಂದೆ ಜೀವಮಾನವಿಡೀ ವಾದಿಸಿದವನು ಹನ್ನೆರಡನೇ ವಯಸ್ಸಿನಲ್ಲಿ ಭಾಷೆಯನ್ನು ಅಕ್ಷರದಿಂದ ಕಲಿಯಬೇಕಾಯಿತು. ಬಹುಶಃ ಅದರಿಂದಲೇ ಅವನ ಕಿವಿ ಅಷ್ಟು ಚುರುಕಾಯಿತೋ ಏನೋ. ಹುಟ್ಟಿನಿಂದ ಬಂದದ್ದನ್ನು ನಾವು ಗಮನಿಸುವುದಿಲ್ಲ. ಕಲಿತು ಪಡೆದದ್ದರ ಒಂದೊಂದು ಎಳೆಯೂ ಕಣ್ಣಿಗೆ ಬೀಳುತ್ತದೆ.

ಗೆವೋರ್ಗಿಯಾನ್ ಗುರುಕುಲದಲ್ಲಿ ಹನ್ನೆರಡು ವರ್ಷ ಓದಿ 1893ರಲ್ಲಿ ಹೊರಬಂದ, ಅಲ್ಲೇ ಸಂಗೀತದ ಮೇಷ್ಟ್ರಾದ. ಆ ವರ್ಷ ಹುಟ್ಟೂರಿಗೆ ಹೋದಾಗ ಅಲ್ಲಿನ ಮುದುಕರು ಅವನ ಅಪ್ಪ ಅಮ್ಮ ಕಟ್ಟಿದ್ದ ತುರ್ಕಿ ಪದಗಳನ್ನು ಇನ್ನೂ ಹಾಡುತ್ತಿದ್ದರು. ಕೆಲವನ್ನು ಬರೆದುಕೊಂಡು ಬಂದ. ಮರುವರ್ಷ ಸನ್ಯಾಸದೀಕ್ಷೆ ಪಡೆದಾಗ ಏಳನೇ ಶತಮಾನದ ಧರ್ಮಗುರುವೂ ಸ್ತೋತ್ರಕಾರನೂ ಆಗಿದ್ದ ಕೊಮಿತಾಸನ ಹೆಸರನ್ನು ಅವನಿಗೆ ಇಟ್ಟರು. 1895ರಲ್ಲಿ ‘ವರ್ದಪೆತ್’ ಪದವಿ ಬಂತು. ವಿದ್ವತ್ತುಳ್ಳ ಸನ್ಯಾಸಿಗೆ ಅರ್ಮೇನಿಯನ್ ಚರ್ಚು ಕೊಡುವ ಪದವಿ ಅದು. ಅದೇ ವರ್ಷ, ಯೂಫ್ರೆಟೀಸ್ ದಂಡೆಯ ಅಕ್ನ್ ಪಟ್ಟಣದ ಹಾಡುಗಳ ಪುಟ್ಟ ಸಂಗ್ರಹವೊಂದನ್ನು ಅಚ್ಚು ಹಾಕಿಸಿದ. ಪ್ರೇಮಗೀತೆಗಳೂ ಇದ್ದ ಪುಸ್ತಕ. ಪಾದ್ರಿಗೇಕೆ ಈ ಉಸಾಬರಿ ಎಂದು ಮಠದ ಹಿರಿಯರು ಮೂಗು ಮುರಿದರು.

ಬರ್ಲಿನ್ನಿನ ಓದು, ಲೋರಿಯ ನೇಗಿಲು

ತಿಫ್ಲಿಸ್‌ನಲ್ಲಿ ಯೆಕ್ಮಾಲಿಯಾನನ ಬಳಿ ಕೆಲಕಾಲ ಹಾರ್ಮೊನಿ ಕಲಿತು, ಬಾಕುವಿನ ಎಣ್ಣೆ ಉದ್ಯಮದಲ್ಲಿ ಕೋಟ್ಯಧಿಪತಿಯಾಗಿದ್ದ ಅಲೆಕ್ಸಾಂಡರ್ ಮಂತಾಶೆವ್ ಕೊಟ್ಟ ಹಣದಲ್ಲಿ ಕೊಮಿತಾಸ್ 1896ರಲ್ಲಿ ಬರ್ಲಿನ್‌ಗೆ ಹೋದ. ರಿಚರ್ಡ್ ಷ್ಮಿಟ್‌ನ ಖಾಸಗಿ ಸಂಗೀತಶಾಲೆಯಲ್ಲಿ ಪಿಯಾನೊ, ರಚನೆ, ವೃಂದ ನಿರ್ವಹಣೆ. ವಿಶ್ವವಿದ್ಯಾಲಯದಲ್ಲಿ ಸಂಗೀತಶಾಸ್ತ್ರ ಮತ್ತು ಇತಿಹಾಸ. ಪಾಠ ಹೇಳಿದವರಲ್ಲಿ ಹೈನ್‌ರಿಷ್ ಬೆಲರ್ಮನ್, ಮ್ಯಾಕ್ಸ್ ಫ್ರೀಡ್ಲೆಂಡರ್, ಓಸ್ಕರ್ ಫ್ಲೈಷರ್ ಇದ್ದರು. 1899ರಲ್ಲಿ ಫ್ಲೈಷರ್ ಮುಂದಾಗಿ ಅಂತಾರಾಷ್ಟ್ರೀಯ ಸಂಗೀತ ಸಂಘ ಕಟ್ಟಿದಾಗ ಕೊಮಿತಾಸ್ ಅದರ ಮೊದಮೊದಲ ಸದಸ್ಯರಲ್ಲೊಬ್ಬನಾದ. ಅರ್ಮೇನಿಯನ್ ಸಂಗೀತವನ್ನು ತುರ್ಕಿ, ಕುರ್ದಿಷ್ ಸಂಗೀತದ ಜೊತೆಗಿಟ್ಟು ತೂಗಿ ನೋಡುವ ಉಪನ್ಯಾಸ ಕೊಟ್ಟ. ಅವನ ವಿಧಾನ ಇಲ್ಲೇ ಗೊತ್ತಾಗುತ್ತದೆ. ‘ಇದು ನಮ್ಮದು’ ಎಂದು ಎದೆ ತಟ್ಟಿಕೊಳ್ಳುವ ಬದಲು ಪಕ್ಕದವರದ್ದನ್ನು ಚೆನ್ನಾಗಿ ಕಲಿತು, ಆಮೇಲೆ ವ್ಯತ್ಯಾಸ ತೋರಿಸುವುದು.

ಅದೇ ವರ್ಷ ಎಚ್ಮಿಯಾಡ್ಜಿನ್‌ಗೆ ಮರಳಿ ಮುಂದಿನ ಹತ್ತು ವರ್ಷ ಮಾಡಿದ್ದೇ ಅವನ ಬದುಕಿನ ದೊಡ್ಡ ಕೆಲಸ. ಪಾಠವಿಲ್ಲದ ದಿನಗಳಲ್ಲಿ ಅರಾರತ್ ಬಯಲಿನ, ಶಿರಾಕ್‌ನ, ಲೋರಿಯ ಹಳ್ಳಿಗಳಿಗೆ ಹೊರಟುಬಿಡುತ್ತಿದ್ದ. ದೂರದ ವಾನ್, ಮುಶ್, ಅಕ್ನ್ ಸೀಮೆಯ ಹಾಡುಗಳು ಅಲ್ಲಿಂದ ಬಂದ ವಲಸಿಗರ, ವಿದ್ಯಾರ್ಥಿಗಳ ಬಾಯಿಂದ ಸಿಗುತ್ತಿದ್ದವು. ಮೂರು ಸಾವಿರಕ್ಕೂ ಹೆಚ್ಚು ಹಾಡು ಬರೆದುಕೊಂಡನೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸಾಹಿತ್ಯದ ಕಡೆಯಿಂದ ಜೊತೆಯಾದವನು ಜಾನಪದ ವಿದ್ವಾಂಸ ಮನೂಕ್ ಅಬೆಘಿಯಾನ್. ಇಬ್ಬರೂ ಸೇರಿ ‘ಸಾವಿರದ ಒಂದು ಹಾಡು’ ಎಂಬ ಮಹತ್ವಾಕಾಂಕ್ಷೆಯ ಹೆಸರಿಟ್ಟು 1903ರಲ್ಲಿ ಐವತ್ತು, 1905ರಲ್ಲಿ ಮತ್ತೆ ಐವತ್ತು ಹಾಡುಗಳ ಪಠ್ಯ ಪ್ರಕಟಿಸಿದರು.

ಹಾಡಿನ ಸ್ವರ ಬರೆದುಕೊಂಡು ಬಂದರೆ ಸಾಲದು ಎಂಬುದು ಕೊಮಿತಾಸನ ಗಟ್ಟಿ ನಿಲುವು. ಹಳ್ಳಿಯವನಿಗೆ ಒಕ್ಕಣೆಯ ಹಾಡು, ನಮ್ಮ ಉತ್ತರ ಕರ್ನಾಟಕದಲ್ಲಿ ಹಂತಿ ಪದ ಎನ್ನುವಂಥದ್ದು, ಕಣದಲ್ಲಿ ಮಾತ್ರ ಹಾಡು. ಮನೆಯಲ್ಲಿ ಕೂತು ಅದನ್ನು ಹಾಡು ಎಂದರೆ ಅವನಿಗೆ ನಗು ಬರುತ್ತದೆ. ಈ ಪದ ಕಟ್ಟಿದವರು ಯಾರು ಎಂದು ಕೇಳಿದರೆ ಒಬ್ಬ ಇನ್ನೊಬ್ಬನ ಕಡೆಗೆ ಕೈ ತೋರಿಸುತ್ತಾನೆ, ಆ ಇನ್ನೊಬ್ಬ ಮತ್ತೊಬ್ಬನ ಕಡೆಗೆ. ಹಬ್ಬದ ಕುಣಿತದಲ್ಲಿ ಮುಂದಾಳು ಹುಡುಗಿ ಒಂದು ಸಾಲು ಎತ್ತಿಕೊಂಡರೆ ಉಳಿದವರು ಅದನ್ನು ತಿರುಗಿಸಿ, ತಿದ್ದಿ, ಬೆಳೆಸುತ್ತಾರೆ. ಕುಣಿತ ಮುಗಿಯುವಷ್ಟರಲ್ಲಿ ಹಾಡು ಹುಟ್ಟಿರುತ್ತದೆ. ಇದನ್ನೆಲ್ಲ ಅವನು ನಿಂತು ನೋಡಿ ಬರೆದಿಟ್ಟ. ಹಾಡನ್ನು ಅದರ ಕೆಲಸದಿಂದ ಕಿತ್ತು ತಂದರೆ ಅರ್ಧ ಸತ್ತಂತೆ ಎಂದು ಜಾನಪದ ವಿದ್ವಾಂಸರು ಈಗ ಒಪ್ಪುವ ಮಾತಿಗೆ ಇದೊಂದು ಬಹು ಹಿಂದಿನ ಉದಾಹರಣೆ.

ಇದರ ಅತ್ಯುತ್ತಮ ಫಲ ಲೋರಿ ಪ್ರಾಂತದ ವರ್ದಾಬ್ಲೂರ್ ಹಳ್ಳಿಯ ಉಳುಮೆ ಹಾಡಿನ ಮೇಲೆ ಅವನು ಬರೆದ ಪ್ರಬಂಧ. ‘ಗುತನ್’ ಎಂಬ ಅಲ್ಲಿನ ಭಾರದ ನೇಗಿಲಿಗೆ ಎತ್ತು ಕೋಣಗಳ ಹಲವು ಜೋಡಿ ಕಟ್ಟಬೇಕು. ಒಬ್ಬನ ಮನೆಯಲ್ಲಿ ಅಷ್ಟು ದನ ಇರುವುದಿಲ್ಲವಾದ್ದರಿಂದ ಅಕ್ಕಪಕ್ಕದವರು ಸೇರಿ ಮುಯ್ಯಾಳಾಗಿ ಉಳುತ್ತಾರೆ. ನೊಗಗಳ ಮೇಲೆ ಹುಡುಗರು ಕೂತಿರುತ್ತಾರೆ, ಮೇಳಿ ಹಿಡಿದವನು ಹಿಂದೆ. ಹಾಡೆಂದರೆ ಇವರೆಲ್ಲರ ನಡುವೆ ಓಡಾಡುವ ಕೂಗು: ದನಗಳನ್ನು ಹುರಿದುಂಬಿಸುವ ಹೋಕಾರ, ಹುಡುಗನಿಗೊಂದು ಗದರಿಕೆ, ದೇವರಿಗೊಂದು ಮೊರೆ, ಸಾಲು ತಿರುಗುವಾಗ ನಿಟ್ಟುಸಿರು. ಕೊಮಿತಾಸ್ ಅದನ್ನು ತುಂಡುತುಂಡಾಗಿ ಬಿಡಿಸಿ, ಯಾವ ಕೂಗು ಯಾವ ಸ್ವರಕ್ಕೆ ಏಕೆ ಹೋಗುತ್ತದೆ, ನೇಗಿಲು ಭಾರವಾದಾಗ ಲಯ ಹೇಗೆ ಎಳೆಯುತ್ತದೆ ಎಂದು ತೋರಿಸಿದ. ಪಂಡಿತರು ಸಿಂಫನಿಗಳಿಗೆ ಮೀಸಲಿಟ್ಟಿದ್ದ ಶ್ರದ್ಧೆಯನ್ನು ಒಂದು ಹಳ್ಳಿಯ ಒಂದೇ ಹಾಡಿಗೆ ಕೊಟ್ಟ ಬರಹ ಅದು. ಕೊಮಿತಾಸನ ಒಂದೇ ಒಂದು ಕೃತಿ ಉಳಿಸಿಕೋ ಎಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಸ್ವರಗಳ ಸರಪಳಿ

ಹಾಗಾದರೆ ಅವನು ಕಂಡುಕೊಂಡ ‘ಸ್ವಂತಿಕೆ’ ಯಾವುದು? ಕನ್ನಡದ ಓದುಗರಿಗೆ ಇದನ್ನು ಸರಿಗಮದ ಮೂಲಕ ಹೇಳುವುದು ಸುಲಭ. ನಮ್ಮ ಮೇಳದಲ್ಲಿ ಸ ರಿ ಗ ಮ ಒಂದು ಅಂಗ, ಪ ದ ನಿ ಸ ಇನ್ನೊಂದು ಅಂಗ. ಎರಡೂ ಸೇರಿ ಮೇಲಿನ ಷಡ್ಜದಲ್ಲಿ ಒಂದು ಸ್ಥಾಯಿ ಪೂರ್ಣವಾಗುತ್ತದೆ. ಕೊಮಿತಾಸ್ ಹೇಳುವಂತೆ ಅರ್ಮೇನಿಯನ್ ಹಾಡಿನಲ್ಲಿ ಮೊದಲ ನಾಲ್ಕು ಸ್ವರಗಳ ಗುಂಪು ಎಲ್ಲಿ ಮುಗಿಯುತ್ತದೋ ಅದೇ ಸ್ವರದಿಂದ ಮುಂದಿನ ಗುಂಪು ಶುರು. ಮಧ್ಯಮವೇ ಹೊಸ ಷಡ್ಜವಾಗಿ ಅದರ ಮೇಲೆ ಇನ್ನೊಂದು ಸರಿಗಮ, ಅದರ ಮಧ್ಯಮದ ಮೇಲೆ ಮತ್ತೊಂದು. ಸ್ಥಾಯಿಯೆಂಬ ಬೇಲಿಯ ಗೊಡವೆಯಿಲ್ಲದೆ ಸರಪಳಿ ಬೆಳೆಯುತ್ತ ಹೋಗುತ್ತದೆ. ಎಂಟು ಸ್ವರ ದಾಟಿದ ಮೇಲೆ ಕೆಳಗಿದ್ದ ಸ್ವರವೇ ಮೇಲೆ ಮರಳಿ ಸಿಗಬೇಕೆಂಬ ನಿಯಮವಿಲ್ಲ. ಇಂಥ ಹಾಡಿಗೆ ಯುರೋಪಿನ ಮೇಜರ್, ಮೈನರ್ ಹಾರ್ಮೊನಿಯ ಅಂಗಿ ತೊಡಿಸಿದರೆ ತೋಳು ಕುತ್ತಿಗೆ ಎಲ್ಲೆಲ್ಲೋ ಸಿಕ್ಕಿಕೊಳ್ಳುವುದು ಸಹಜ. ಚರ್ಚಿನ ಸ್ತೋತ್ರಗಳಿಗೂ ಹಳ್ಳಿಯ ಪದಗಳಿಗೂ ಇದೇ ಎಲುಬಿನ ಹಂದರ ಎಂಬುದು ಅವನ ಎರಡನೇ ವಾದ. ಎರಡೂ ಒಡಹುಟ್ಟಿದವು ಎಂದು ಅವನು ಹೇಳಿದಾಗ ಹಳ್ಳಿಗರು ತಲೆ ಕೆಡಿಸಿಕೊಳ್ಳಲಿಲ್ಲ, ಮಠದವರು ಕೆಡಿಸಿಕೊಂಡರು.

ಹಾಡುಗಳನ್ನು ವೃಂದಕ್ಕೆ, ಪಿಯಾನೊಗೆ ಅಳವಡಿಸುವಾಗ ಅವನು ಈ ತಿಳಿವಳಿಕೆಯನ್ನೇ ಬಳಸಿದ. ತುಂಬಿದ ಜರ್ಮನ್ ಸ್ವರಮೇಳದ ಬದಲು ಬರಿಯ ನಾಲ್ಕನೆಯ, ಐದನೆಯ ಸ್ವರಗಳ ಜೋಡಿ. ದುದುಕ್ ಎಂಬ ಊದುವ ವಾದ್ಯದ ವಾದನದಲ್ಲಿ ಇನ್ನೊಬ್ಬ ಹಿಡಿದು ನಿಲ್ಲುವ ಶ್ರುತಿಯಂಥ ನೀಳ ಆಧಾರಸ್ವರ. ಒಂದೇ ಚಿಕ್ಕ ಲಯತುಂಡಿನ ಪುನರಾವರ್ತನೆ. ‘ಯೆರಂಗಿ’, ‘ಉನಾಬಿ’, ‘ಶುಶಿಕಿ’ ಮೊದಲಾದ ಪಿಯಾನೊ ನೃತ್ಯಗಳಲ್ಲಿ ಇದು ತಾರ್ ಎಂಬ ತಂತಿವಾದ್ಯದ ಹಾಗೆ, ಇದು ದಪ್ ಎಂಬ ತಮಟೆಯ ಹಾಗೆ ಎಂದು ಸೂಚನೆ ಬರೆದಿದ್ದಾನೆ. ಪಿಯಾನೊದ ಗುಡುಗನ್ನೆಲ್ಲ ಬದಿಗಿಟ್ಟು ಎಷ್ಟು ಕಡಿಮೆ ಸ್ವರದಲ್ಲಿ ಮುಗಿಸಬಹುದೋ ಅಷ್ಟರಲ್ಲೇ ಮುಗಿಸುವ ಜಿಪುಣತನ ಅದು. ಕಛೇರಿಗಳಲ್ಲಿ ಅವನನ್ನು ತುಂಬಾ ಭಾವುಕವಾಗಿ, ಎಳೆದು ಎಳೆದು ನುಡಿಸುವವರನ್ನು ಕೇಳಿದಾಗ ಅವನ ಸೂಚನೆಗಳನ್ನು ಇವರು ಓದಿಯೇ ಇಲ್ಲವೇನೋ ಅನ್ನಿಸುತ್ತದೆ.

1906ರ ಡಿಸೆಂಬರ್ 1ರಂದು ಪ್ಯಾರಿಸ್ಸಿನಲ್ಲಿ ದೊಡ್ಡ ಕಛೇರಿ ನಡೆಯಿತು. ಊರು ಬಿಟ್ಟು ದುಡಿಯಲು ಹೋದವನ ಅಳಲಾದ ‘ಅಂತುನಿ’ ಹಾಡನ್ನು ಕೇಳಿದ ಕ್ಲೋದ್ ಡೆಬುಸಿ, ಇದೊಂದನ್ನೇ ಬರೆದಿದ್ದರೂ ಕೊಮಿತಾಸ್ ದೊಡ್ಡ ಕಲಾವಿದನೇ ಎಂದನೆಂಬ ಮಾತು ಅರ್ಮೇನಿಯನ್ನರಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಮಾತಿರಲಿ, ಹಾಡು ಸಿಗುತ್ತದೆ, ಕೇಳಬಹುದು. ನನ್ನ ಹೃದಯ ಬಿದ್ದುಹೋದ ಮನೆಯಂತಾಗಿದೆ ಎಂದು ಶುರುವಾಗುವ ಅದರಲ್ಲಿ ಹಾಡುಗಾರ ಎರಡೇ ಉಸಿರಿನಲ್ಲಿ ಪಾತಾಳದಿಂದ ಮೇಲಕ್ಕೆ ಚಿಮ್ಮಿ ಮತ್ತೆ ಕುಸಿಯುತ್ತಾನೆ. ಆ ಪ್ಯಾರಿಸ್ ಕಾಲದ ನಂಟಿನಿಂದಲೇ 1912ರಲ್ಲಿ ಶಿಷ್ಯ ಅರ್ಮೆನಾಕ್ ಶಹಮುರಾದಿಯಾನ್ ಜೊತೆ ಗ್ರಾಮೋಫೋನ್ ಮುದ್ರಣಗಳಾದವು. ಕೆಲವದರಲ್ಲಿ ಪಿಯಾನೊ ಕೊಮಿತಾಸನದ್ದು, ಕೆಲವದರಲ್ಲಿ ದನಿಯೂ ಅವನದೇ.

ಈ ಸ್ವಂತಿಕೆಯ ಹುಡುಕಾಟಕ್ಕೆ ಒಂದು ಕುರುಡು ಮೂಲೆಯೂ ಇತ್ತು. ನಗರದ ಅಶುಘ್ ಹಾಡುಗಾರರ ಪರಂಪರೆಯನ್ನು, ಸಯಾತ್ ನೋವಾನ ಕುಲವನ್ನು, ಪರರ ಬೆರಕೆ ಎಂದು ಕೊಮಿತಾಸ್ ಬಹುಮಟ್ಟಿಗೆ ಪಕ್ಕಕ್ಕೆ ಸರಿಸಿದ. ಶುದ್ಧವಾದದ್ದು ಹಳ್ಳಿಯಲ್ಲೂ ಚರ್ಚಿನಲ್ಲೂ ಇದೆ ಎಂಬ ಗೆರೆ ಎಳೆದುಕೊಂಡವನಿಗೆ ಮೂರು ಭಾಷೆಯಲ್ಲಿ ಹಾಡಿದವನೂ ಅರ್ಮೇನಿಯನ್ನನೇ ಎಂದು ಒಪ್ಪುವುದು ಕಷ್ಟವಾಯಿತು. ತುರ್ಕಿಯಲ್ಲಿ ಪದ ಕಟ್ಟಿದ ತಾಯಿಯ ಮಗನಿಂದ ಈ ತೀರ್ಪು ಬಂತೆಂಬುದು ವಿಚಿತ್ರ. ಅವನ ಕಾಲದ ಯುರೋಪಿನ ಜಾನಪದ ಚಿಂತನೆಯ ಮುದ್ರೆ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮಠದಿಂದ ನಗರಕ್ಕೆ

ಅವನ ಬೆಂಬಲಕ್ಕಿದ್ದ ಧರ್ಮಗುರು ಖ್ರಿಮಿಯಾನ್ 1907ರಲ್ಲಿ ತೀರಿಕೊಂಡ. ಆಮೇಲೆ ಎಚ್ಮಿಯಾಡ್ಜಿನ್‌ನಲ್ಲಿ ಉಸಿರಾಡುವುದು ಕಷ್ಟವಾಯಿತು. 1909ರಲ್ಲಿ ಹೊಸ ಧರ್ಮಗುರುವಿಗೆ ಬರೆದ ಪತ್ರದಲ್ಲಿ, ಇಲ್ಲಿನ ಕಾಟ ಸಾಕಾಗಿದೆ, ನನ್ನ ಕೆಲಸ ಮಾಡಿಕೊಂಡಿರಲು ಬಿಡುಗಡೆ ಕೊಡಿ ಎಂದು ಅಂಗಲಾಚಿದ. ಉತ್ತರ ಬರಲಿಲ್ಲ. 1910ರಲ್ಲಿ ತಾನಾಗಿಯೇ ಇಸ್ತಾಂಬುಲ್‌ಗೆ ಹೊರಟುಹೋದ.

ಅಲ್ಲಿ ಕಲಾವಿದ ಪನೋಸ್ ತೆರ್ಲೆಮೆಜಿಯಾನ್ ಜೊತೆ ಮನೆ ಮಾಡಿ, ‘ಗುಸಾನ್’ ಎಂಬ ಮುನ್ನೂರು ಜನರ ಗಾಯಕವೃಂದ ಕಟ್ಟಿದ. ನಾಟಕಶಾಲೆಯಲ್ಲಿ ಟಿಕೆಟ್ಟಿಟ್ಟು ಪೂಜೆಯ ಹಾಡು ಹಾಡಿಸುತ್ತಾನೆಂದು ಅಲ್ಲಿನ ಚರ್ಚಿನ ಅಧಿಕಾರಿಗಳೂ ತಕರಾರು ತೆಗೆದರು. ಜನ ಮಾತ್ರ ಸಭಾಂಗಣ ತುಂಬಿಸಿದರು. ಆರಿಸಿ ತಯಾರು ಮಾಡಿದ ಐದು ಮಂದಿ ಶಿಷ್ಯರಲ್ಲಿ ಬರ್ಸೆಘ್ ಕನಾಚಿಯಾನ್ ಒಬ್ಬ. ಇಂದಿನ ಅರ್ಮೇನಿಯಾದ ರಾಷ್ಟ್ರಗೀತೆಯ ಧಾಟಿ ಅವನದ್ದು. ತುರ್ಕಿ ಲೇಖಕಿ ಹಲೀದೆ ಎದೀಬ್ ಕೂಡ ಕೊಮಿತಾಸನ ಹಾಡಿಗೆ ಮಾರುಹೋದವರಲ್ಲಿ ಒಬ್ಬಳು; ತನ್ನ ಆತ್ಮಕಥೆಯಲ್ಲಿ ಅವನನ್ನು ನೆನೆದಿದ್ದಾಳೆ. 1935ರಲ್ಲಿ ದೆಹಲಿಯ ಜಾಮಿಯಾದಲ್ಲಿ ಉಪನ್ಯಾಸ ಕೊಡಲು ಭಾರತಕ್ಕೆ ಬಂದಿದ್ದವಳು ಇವಳೇ.

ಈ ವರ್ಷಗಳಲ್ಲೇ ಖಾಜ್ ಲಿಪಿಯ ಒಗಟಿನ ಮೇಲೆ ಅವನ ಕೆಲಸ ಬಹುದೂರ ಸಾಗಿತ್ತು. ಕೀಲಿ ಕೈಗೆ ಸಿಕ್ಕಿದೆ, ಸರಳ ಬರಹಗಳನ್ನು ಓದಬಲ್ಲೆ ಎಂದು 1910ರ ಸುಮಾರಿಗೆ ಹೇಳಿಕೊಂಡಿದ್ದ. 1914ರ ಜೂನ್‌ನಲ್ಲಿ ಪ್ಯಾರಿಸ್ಸಿನ ಅಂತಾರಾಷ್ಟ್ರೀಯ ಸಂಗೀತ ಸಮ್ಮೇಳನದಲ್ಲಿ ಇದೇ ವಿಷಯವಾಗಿ ಮಾತಾಡಿದ. ಕೆಲವೇ ವಾರಗಳಲ್ಲಿ ಮಹಾಯುದ್ಧ ಶುರುವಾಯಿತು.

1915

ಏಪ್ರಿಲ್ 24ರ ರಾತ್ರಿ ಇಸ್ತಾಂಬುಲಿನಲ್ಲಿ ಅರ್ಮೇನಿಯನ್ ಬರಹಗಾರರು, ವೈದ್ಯರು, ಪತ್ರಕರ್ತರು, ಸಂಸದರು, ಪಾದ್ರಿಗಳ ಮನೆಬಾಗಿಲು ತಟ್ಟಿ ಒಬ್ಬೊಬ್ಬರನ್ನಾಗಿ ಹಿಡಿದೊಯ್ದರು. ಆ ಒಂದೇ ಬಾರಿಗೆ ಇನ್ನೂರಕ್ಕೂ ಹೆಚ್ಚು ಜನ. ಅವರಲ್ಲಿ ಕೊಮಿತಾಸನೂ ಇದ್ದ. ರೈಲಿನಲ್ಲಿ ಅಂಕಾರಾ ಕಡೆಗೆ ಸಾಗಿಸಿ ಎರಡು ಗುಂಪು ಮಾಡಿದರು. ರಾಜಕೀಯದವರು ಅಯಾಷ್‌ಗೆ, ಉಳಿದವರು ಚಂಕಿರಿಗೆ. ದಾರಿಯಲ್ಲೇ ಕೊಮಿತಾಸನ ಮನಸ್ಸು ಕದಡಿದ್ದನ್ನು, ಬೆಚ್ಚಿಬೀಳುತ್ತಿದ್ದುದನ್ನು, ಗುಂಪಿನಲ್ಲಿದ್ದು ಬದುಕುಳಿದ ಪಾದ್ರಿ ಗ್ರಿಗೋರಿಸ್ ಬಾಲಾಕಿಯಾನ್ ಬರೆದಿಟ್ಟಿದ್ದಾನೆ. ಕೆಲ ದಿನಗಳಲ್ಲಿ ರಾಜಧಾನಿಯಿಂದ ತಂತಿ ಬಂತು. ಬೆರಳೆಣಿಕೆಯ ಜನರನ್ನು ವಾಪಸ್ಸು ಕಳಿಸಬೇಕೆಂದಿತ್ತು. ಪಟ್ಟಿಯಲ್ಲಿ ಕೊಮಿತಾಸನ ಹೆಸರಿತ್ತು. ಅಮೆರಿಕದ ರಾಯಭಾರಿ ಮಾರ್ಗೆಂಥಾವ್ ಬಿಡಿಸಿದನೆಂದು ಕೆಲವರು, ತುರ್ಕಿ ಸಾಹಿತ್ಯವಲಯದ ಅಭಿಮಾನಿಗಳ ಕೆಲಸವೆಂದು ಕೆಲವರು ಹೇಳುತ್ತಾರೆ. ಚಂಕಿರಿಯಲ್ಲೇ ಉಳಿದವರಲ್ಲಿ ಹೆಚ್ಚಿನವರನ್ನು ಕೊಂದರು. ಕವಿ ದನಿಯೆಲ್ ವರುಜಾನ್, ಕವಿಯೂ ವೈದ್ಯನೂ ಆಗಿದ್ದ ರುಬೆನ್ ಸೆವಾಕ್ ಅಲ್ಲಿ ಸತ್ತವರು. ಆ ವರ್ಷದಿಂದ ಮುಂದೆ ಆಟೊಮನ್ ನೆಲದಲ್ಲಿ ಸತ್ತ ಅರ್ಮೇನಿಯನ್ನರ ಸಂಖ್ಯೆ ಹತ್ತು ಲಕ್ಷದ ಆಸುಪಾಸು ಅಥವಾ ಮೇಲು ಎಂದು ಹೆಚ್ಚಿನ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಅದನ್ನು ನರಮೇಧ ಎಂದು ಕರೆಯಲು ತುರ್ಕಿ ಸರ್ಕಾರ ಇಂದಿಗೂ ಒಪ್ಪುವುದಿಲ್ಲ.

ಮರಳಿ ಬಂದವನು ಕೆಲಸ ಪೂರ್ತಿ ಬಿಟ್ಟಿರಲಿಲ್ಲ. ಕೆಲ ನೃತ್ಯಗಳನ್ನು ತಿದ್ದಿದ, ಪೂಜಾವಿಧಿಯ ಸಂಗೀತದ ಮೇಲೆ ಕೂತ. ಆದರೆ ಹೆದರಿಕೆ, ಸಂಶಯ, ಕೋಪ ಹೆಚ್ಚುತ್ತ ಹೋಗಿ 1916ರ ಶರತ್ಕಾಲದಲ್ಲಿ ಸ್ನೇಹಿತರು ಅವನನ್ನು ನಗರದ ಸೇನಾ ಆಸ್ಪತ್ರೆಗೆ ಸೇರಿಸಿದರು. 1919ರಲ್ಲಿ ಪ್ಯಾರಿಸ್ಸಿಗೆ, ಮೊದಲು ವಿಲ್ ಎವ್ರಾರ್ ಮಾನಸಿಕ ಆಸ್ಪತ್ರೆಗೆ, 1922ರಿಂದ ವಿಲ್‌ಜುಯಿಫ್‌ಗೆ. ಅಲ್ಲೇ 1935ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಆ ವರ್ಷಗಳಲ್ಲಿ ಒಂದು ಸ್ವರವನ್ನೂ ಬರೆಯಲಿಲ್ಲ. ಭೇಟಿಗೆ ಬಂದವರಿಗೆ ಹೆಚ್ಚಾಗಿ ಬೆನ್ನು ತಿರುಗಿಸಿ ಕೂರುತ್ತಿದ್ದ. 2001ರಲ್ಲಿ ಮನೋವೈದ್ಯೆ ರೀಟಾ ಕುಯುಮ್ಜಿಯಾನ್ ದಾಖಲೆಗಳನ್ನು ಪರಿಶೀಲಿಸಿ, ಇದು ಹುಚ್ಚಲ್ಲ, ತೀವ್ರ ಆಘಾತದ ನಂತರ ಬರುವ ಮಾನಸಿಕ ತೊಂದರೆ, ಆ ಕಾಲದ ವೈದ್ಯಕ್ಕೆ ಅದರ ಪರಿಚಯವಿರಲಿಲ್ಲ ಎಂದು ವಾದಿಸಿದಳು. ಅದು ಒಪ್ಪತಕ್ಕ ಮಾತೆಂದೇ ನನಗೆ ಕಾಣುತ್ತದೆ.

ಉಳಿದ ಹಾಳೆಗಳು

ಅವನು ಆಸ್ಪತ್ರೆಯಲ್ಲಿದ್ದಾಗ ಇಸ್ತಾಂಬುಲಿನ ಮನೆ ತೆರವಾಯಿತು. ಪುಸ್ತಕ, ಟಿಪ್ಪಣಿ, ಹಾಡಿನ ಕಂತೆಗಳು ಕೈಯಿಂದ ಕೈಗೆ ಹೋಗಿ ಚದುರಿದವು. ಸಂಗ್ರಹಿಸಿದ್ದ ಮೂರು ಸಾವಿರಕ್ಕೂ ಮಿಕ್ಕ ಹಾಡುಗಳಲ್ಲಿ ಇಂದು ಸಿಗುವುದು ಸುಮಾರು 1200. ಖಾಜ್ ಲಿಪಿಯ ಮೇಲಿನ ಕೆಲಸ ಬಹುಪಾಲು ಕಳೆದೇಹೋಯಿತು. ನಷ್ಟದ ಪ್ರಮಾಣ ತಿಳಿಯಬೇಕಾದರೆ ಒಂದು ಸಂಗತಿ ಗಮನಿಸಬೇಕು: ವಾನ್, ಮುಶ್, ಅಕ್ನ್ ಸೀಮೆಗಳಲ್ಲಿ ಆ ಹಾಡು ಹಾಡುತ್ತಿದ್ದ ಊರುಗಳೇ ಈಗ ಅರ್ಮೇನಿಯನ್ನರಿಂದ ಬರಿದಾಗಿದ್ದವು. ಮತ್ತೆ ಹೋಗಿ ಬರೆದುಕೊಂಡು ಬರುವ ದಾರಿ ಇರಲಿಲ್ಲ. ಯಾರದೋ ಬಾಯಿಂದ ಕೇಳಿ ಗೀಚಿಕೊಂಡ ಕರಡು ಹಾಳೆಯೇ ಎಷ್ಟೋ ಹಾಡುಗಳಿಗೆ ಏಕೈಕ ಸಾಕ್ಷಿಯಾಯಿತು.

ಉಳಿದದ್ದನ್ನು ಉಳಿಸಿದವರು ಶಿಷ್ಯರು. ವರ್ದಾನ್ ಸರ್ಗಸಿಯಾನ್ ಪುರುಷಧ್ವನಿಗಳ ಪೂಜಾವಿಧಿ ಸಂಗೀತವನ್ನು 1933ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ, ಗುರು ಇನ್ನೂ ವಿಲ್‌ಜುಯಿಫ್‌ನಲ್ಲಿರುವಾಗಲೇ. ಯೆರೆವಾನ್‌ನಲ್ಲಿ ಸ್ಪಿರಿದೋನ್ ಮೆಲಿಕಿಯಾನ್ 1931ರಲ್ಲಿ ಹಾಡುಗಳ ಸಂಗ್ರಹ ತಂದ. ಮಿಹ್ರಾನ್ ತುಮಾಜಾನ್ ಅಮೆರಿಕಕ್ಕೆ ಹೋಗಿ, ಅಲ್ಲಿ ನೆಲೆಸಿದ್ದ ನಿರಾಶ್ರಿತರ ನೆನಪಿನಿಂದ ಹಾಡು ಹೆಕ್ಕತೊಡಗಿದ. ಗುರುವಿನ ಪಾರ್ಥಿವ ಶರೀರವನ್ನು 1936ರಲ್ಲಿ ಯೆರೆವಾನ್‌ಗೆ ತಂದು ಮಣ್ಣು ಮಾಡಿದರು. ಸೋವಿಯತ್ ಆಡಳಿತಕ್ಕೆ ರೈತರ ಹಾಡಿನ ಸಂಗ್ರಾಹಕ ಬೇಕಿತ್ತು, ಪಾದ್ರಿ ಅಷ್ಟಾಗಿ ಬೇಕಿರಲಿಲ್ಲ. ಹಾಗಾಗಿ 1960ರಲ್ಲಿ ರಾಬರ್ಟ್ ಅತಾಯಾನನ ಸಂಪಾದಕತ್ವದಲ್ಲಿ ಶುರುವಾದ ಸಮಗ್ರ ಸಂಪುಟಗಳಲ್ಲಿ ಜಾನಪದ ಮುಂದೆ ಬಂತು, ಚರ್ಚಿನ ಸಂಗೀತ ಕಾಯಬೇಕಾಯಿತು. ಹದಿನಾಲ್ಕನೇ ಸಂಪುಟ ಹೊರಬಂದಾಗ 2006 ಆಗಿತ್ತು, ಸೋವಿಯತ್ ಒಕ್ಕೂಟವೇ ಇರಲಿಲ್ಲ. 2015ರಲ್ಲಿ ಯೆರೆವಾನ್‌ನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ಮತ್ತು ಸಂಶೋಧನ ಸಂಸ್ಥೆ ತೆರೆಯಿತು. 2023ರಲ್ಲಿ ಯುನೆಸ್ಕೋ ಅವನ ದಾಖಲೆಗಳನ್ನು ವಿಶ್ವಸ್ಮರಣೆಯ ಪಟ್ಟಿಗೆ ಸೇರಿಸಿತು.

ಎಳೆ ಇನ್ನೂ ದೂರಕ್ಕೆ ಹೋಗಿದೆ. ಅಮೆರಿಕದ ಅರ್ಮೇನಿಯನ್ ಮೂಲದ ಸಂಗೀತಕಾರ ಆಲನ್ ಹೊವಾನೆಸ್, 1940ರ ದಶಕದಲ್ಲಿ ಮ್ಯಾಸಚೂಸೆಟ್ಸಿನ ಅರ್ಮೇನಿಯನ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ ಈ ಸಂಗೀತದೊಳಕ್ಕೆ ಇಳಿದ. ಮುಂದೆ 1959ರಲ್ಲಿ ಫುಲ್‌ಬ್ರೈಟ್ ವೇತನ ಪಡೆದು ಮದ್ರಾಸಿಗೆ ಬಂದು ಕರ್ನಾಟಕ ಸಂಗೀತ ಕಲಿತ. ಅಲ್ಲಿನ ಆಕಾಶವಾಣಿಯ ವಾದ್ಯವೃಂದಕ್ಕಾಗಿ ಕೃತಿಯನ್ನೂ ರಚಿಸಿದ. ಹಾರ್ಮೊನಿಯ ಹಂಗಿಲ್ಲದೆ ಒಂದೇ ಎಳೆಯ ಸ್ವರ ಹೇಗೆ ಬೆಳೆಯುತ್ತದೆ ಎಂಬ ಕುತೂಹಲ ಅವನನ್ನು ಅಲ್ಲಿಂದ ಇಲ್ಲಿಗೆ ಎಳೆದು ತಂದದ್ದು.

ಖಾಜ್ ಗುರುತುಗಳನ್ನು ಪೂರ್ತಿಯಾಗಿ ಓದಬಲ್ಲವರು ಈಗಲೂ ಇಲ್ಲ. ಅತಾಯಾನ್ ಮತ್ತು ಅವನ ನಂತರದ ವಿದ್ವಾಂಸರು ಬಿಡಿಬಿಡಿ ಗುರುತುಗಳ ಅರ್ಥ ಹೊಂದಿಸುತ್ತ ಬಂದಿದ್ದಾರೆ. ಕೊಮಿತಾಸ್ ಹೇಳಿದ ಕೀಲಿ ಎಷ್ಟು ನಿಜವಾಗಿತ್ತೆಂದು ತೀರ್ಮಾನಿಸಲು ಬೇಕಾದ ಹಾಳೆಗಳೇ ಇಲ್ಲ. 1913ರ ತಲೆಬರಹದ ವಾದ ಮಾತ್ರ ಈಗ ಅರ್ಮೇನಿಯನ್ನರಲ್ಲಿ ಯಾರಿಗೂ ವಾದವಾಗಿ ಉಳಿದಿಲ್ಲ, ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಅದನ್ನು ಸಾಬೀತುಪಡಿಸುವ ಓಡಾಟದಲ್ಲಿ, ಹೋಲಿಕೆಗೆಂದು, ನೆರೆಯ ಕುರ್ದರ ಹಾಡುಗಳನ್ನೂ ಕೊಮಿತಾಸ್ ಬರೆದುಕೊಂಡಿದ್ದ. 1900ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಆ ಸಣ್ಣ ಗುಚ್ಛ ಕುರ್ದಿಷ್ ಸಂಗೀತಕ್ಕೆ ಸ್ವರಲಿಪಿಯಲ್ಲಿ ಸಿಗುವ ಅತಿ ಹಳೆಯ ದಾಖಲೆಗಳಲ್ಲೊಂದು. ತಮ್ಮ ಹಳೆಯ ಧಾಟಿಗಳನ್ನು ಹುಡುಕುವ ಕುರ್ದಿಷ್ ಸಂಗೀತಗಾರರು ಈಗ ಈ ಅರ್ಮೇನಿಯನ್ ಪಾದ್ರಿಯ ಪುಸ್ತಕ ತೆರೆಯುತ್ತಾರೆ.